ಇರಾನಿ ವಲಸಿಗರು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆ

ಇರಾನಿನಿಂದ ಹೊರಟು ಅನ್ಯದೇಶಗಳಲ್ಲಿ ನೆಲೆಸಿದ ಜನರನ್ನು ಕುರಿತ ಇಂದಿನ ಬರಹಗಳು ಸಾಮಾನ್ಯವಾಗಿ 1979ರ ಇಸ್ಲಾಮಿಕ್ ಕ್ರಾಂತಿಯಿಂದ ಆರಂಭವಾಗಿ ಲಾಸ್ ಏಂಜಲೀಸ್, ಟೊರಾಂಟೊ, ಲಂಡನ್, ಹ್ಯಾಂಬರ್ಗ್ ನಗರಗಳ ಸುತ್ತ ಸುಳಿಯುತ್ತವೆ. ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮಟ್ಟಿಗೆ ಈ ಕಥೆ ಅದಕ್ಕಿಂತ ಆರು ಶತಮಾನ ಹಿಂದೆಯೇ ಶುರುವಾಗುತ್ತದೆ. ವಲಸಿಗರು ಮನೆ ಕಟ್ಟಿ ಅಧಿಕಾರ ನಡೆಸಿದ್ದು ಕಲಬುರಗಿ, ಬೀದರ್, ವಿಜಯಪುರ, ಗೋಲ್ಕೊಂಡಗಳಂಥ ರಾಜಧಾನಿಗಳಲ್ಲಿ. ಈ ಐದು ಊರುಗಳು ಆ ರಾಜಧಾನಿಗಳ ನಡುವಿನ ಹೊಲ, ಗಣಿ, ಹಾದಿ ಮತ್ತು ನಂತರ ರೈಲುದಾರಿಯ ನಾಡು. ಆದ್ದರಿಂದ ಇಲ್ಲಿ ಇರಾನಿನ ಗುರುತನ್ನು ಅರಮನೆಗಳಿಗಿಂತ ಹೆಚ್ಚಾಗಿ ಹಬ್ಬ, ಚಹಾ, ಜಮೀನಿನ ಲೆಕ್ಕಪತ್ರ, ಕಾರ್ಖಾನೆಯ ಬಂಡವಾಳ ಇವುಗಳಲ್ಲಿ ಹುಡುಕಬೇಕಾಗುತ್ತದೆ.

ವಲಸೆಗೂ ಮೊದಲು ಇದ್ದದ್ದು ಪರಿಚಯ. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಕಾಲದಲ್ಲಿ ಅರಬ್ ಮತ್ತು ಇರಾನಿ ಮೂಲದ ಭೂಗೋಳಕಾರರು ಅದನ್ನು 'ಮಾಂಕೀರ್' ಎಂದೂ ಅದರ ಅರಸನನ್ನು 'ಬಲ್ಹರಾ' (ವಲ್ಲಭರಾಜ) ಎಂದೂ ಕರೆದರು. ಹತ್ತನೆಯ ಶತಮಾನದ ಇಸ್ತಖ್ರಿ ಇರಾನಿನ ಫಾರ್ಸ್ ಪ್ರಾಂತದ ಇಸ್ತಖ್ರ್ ಊರಿನ ಹೆಸರು ಹೊತ್ತವನು. ಅದೇ ಶತಮಾನದ ಅಲ್-ಮಸೂದಿ ಬಾಗ್ದಾದಿನವನು. ಬಲ್ಹರಾ ಅರಸನು ಮುಸಲ್ಮಾನ ವ್ಯಾಪಾರಿಗಳನ್ನು ಗೌರವದಿಂದ ಕಾಣುತ್ತಾನೆ, ಅವನ ರಾಜ್ಯದಲ್ಲಿ ಅವರ ಮಸೀದಿಗಳಿವೆ ಎಂಬ ಮಾತು ಈ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ವ್ಯಾಪಾರಿಗಳ ನೆಲೆಗಳು ಪಶ್ಚಿಮ ಕರಾವಳಿಯ ಬಂದರುಗಳಲ್ಲಿದ್ದವೇ ಹೊರತು ಮಳಖೇಡದಲ್ಲಲ್ಲ. ಆದರೂ ಇಂದು ಸಿಮೆಂಟ್ ಲಾರಿಗಳು ಹಾದುಹೋಗುವ ಒಂದು ಗ್ರಾಮದ ಹೆಸರು ಸಾವಿರ ವರ್ಷಗಳ ಹಿಂದೆ ಪರ್ಷಿಯನ್ ಕೊಲ್ಲಿಯಾಚೆಯ ಓದುಗರಿಗೆ ತಿಳಿದಿತ್ತೆಂಬುದು ಗಮನಾರ್ಹ.

ನಿಜವಾದ ವಲಸೆ ಬಹಮನಿ ರಾಜ್ಯದೊಂದಿಗೆ ಆರಂಭವಾಗುತ್ತದೆ. 1347ರಲ್ಲಿ ಅಲಾಉದ್ದೀನ್ ಹಸನ್ ಸ್ಥಾಪಿಸಿದ ಈ ರಾಜ್ಯ ದೆಹಲಿಯಿಂದ ಕಡಿದುಕೊಂಡು ಹುಟ್ಟಿದ್ದರಿಂದ ಉತ್ತರದಿಂದ ಸೈನಿಕರನ್ನೂ ವಿದ್ವಾಂಸರನ್ನೂ ತರಿಸುವ ದಾರಿ ಅದಕ್ಕೆ ಮುಚ್ಚಿಹೋಗಿತ್ತು. ತೆರೆದಿದ್ದುದು ಸಮುದ್ರ. ಗೋವಾ, ಚೌಲ್, ದಾಭೋಳ ಬಂದರುಗಳಿಂದ ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರಮುಜಿಗೆ ಹೋಗಿಬರುವ ಹಡಗುಗಳಲ್ಲಿ ಕುದುರೆಗಳ ಜೊತೆಗೇ ಮನುಷ್ಯರೂ ಬಂದರು, ಮತ್ತು ಆಸ್ಥಾನ ತನ್ನ ವಂಶವನ್ನು ಪ್ರಾಚೀನ ಇರಾನಿನ ಅರಸ ಬಹಮನನಿಗೆ ಜೋಡಿಸಿಕೊಂಡಿದ್ದರಿಂದ ಇರಾನಿನವನೆಂಬುದೇ ಇಲ್ಲಿ ಒಂದು ಅರ್ಹತೆಯಾಯಿತು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ ಶಾಸನವು ಅದನ್ನು 1367ರಲ್ಲಿ ಕಟ್ಟಿದವನು ಕಜ್ವೀನ್ ಊರಿನ ರಫಿ ಎಂದು ಹೇಳುತ್ತದೆ. ಭಾರತದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾದ ತೆರೆದ ಅಂಗಳ ಇದರಲ್ಲಿಲ್ಲ. ಇಡೀ ಕಟ್ಟಡ ಗುಮ್ಮಟಗಳ ಚಾವಣಿಯಡಿ ಬರುತ್ತದೆ, ತಗ್ಗಾದ ಅಗಲ ಕಮಾನುಗಳು ಸಾಲಾಗಿ ಒಳಗಿನ ನೆರಳಿಗೆ ಸರಿಯುತ್ತವೆ. ಶಿರಾಜಿನ ಮೀರ್ ಫಜಲುಲ್ಲಾ ಇಂಜು ಈ ಆಸ್ಥಾನದಲ್ಲಿ ಉನ್ನತ ಹುದ್ದೆಗೇರಿದ ವಿದ್ವಾಂಸ. ಎರಡನೆಯ ಮುಹಮ್ಮದ್ ಷಾ (1378–97) ಕವಿ ಹಾಫಿಜನನ್ನು ಕರೆಸಿದಾಗ ಪ್ರಯಾಣದ ಖರ್ಚು ಕಳಿಸಿದವನು ಇವನೇ; ಹೊರಮುಜಿನವರೆಗೆ ಬಂದು ಹಡಗು ಹತ್ತಿದ ಕವಿ ಬಿರುಗಾಳಿಗೆ ಬೆದರಿ ಊರಿಗೆ ಮರಳಿದನೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ಫರಿಶ್ತಾ ಸ್ವತಃ ಕ್ಯಾಸ್ಪಿಯನ್ ದಂಡೆಯ ಅಸ್ತರಾಬಾದಿನಲ್ಲಿ ಹುಟ್ಟಿ ವಿಜಯಪುರದಲ್ಲಿ ನೆಲೆ ಕಂಡ ವಲಸಿಗನಾದ್ದರಿಂದ ಇಂಥ ಕಥೆಗಳನ್ನು ಅವನು ಒಂದಿಷ್ಟು ಅಕ್ಕರೆಯಿಂದಲೇ ಹೇಳಿರಬೇಕು.

ಕ್ರಿ.ಶ. 1422ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಷಾ ವಲಿ ರಾಜಧಾನಿಯನ್ನು ಬೀದರಿಗೆ ಒಯ್ದನು. ಇರಾನಿನ ಕಿರ್ಮಾನ್ ಬಳಿಯ ಮಾಹಾನ್‌ನಲ್ಲಿದ್ದ ಸೂಫಿ ಗುರು ಷಾ ನೇಮತುಲ್ಲಾ ವಲಿಯನ್ನು ಅವನು ಆಹ್ವಾನಿಸಿದಾಗ ಗುರು ತಾನು ಬಾರದೆ ಮೊಮ್ಮಗ ನೂರುಲ್ಲಾನನ್ನು ಕಳಿಸಿದನು. ಗುರುವಿನ ನಿಧನಾನಂತರ ಮಗ ಖಲೀಲುಲ್ಲಾ ಕೂಡ ಬೀದರಿಗೆ ಬಂದು ನೆಲೆಸಿ ರಾಜಮನೆತನದೊಂದಿಗೆ ನಂಟಸ್ತಿಕೆ ಬೆಳೆಸಿದನು. ಅಷ್ಟೂರಿನಲ್ಲಿರುವ ಅವನ ಚೌಖಂಡಿ ಸಮಾಧಿಯ ಕಲ್ಲಿನಕ್ಷರಗಳು ಶಿರಾಜಿನ ಮುಘೀಸ್ ಎಂಬ ಲಿಪಿಕಾರನ ಕೈಕೆಲಸ. ಅದೇ ಅಷ್ಟೂರಿನ ಅಹಮದ್ ಷಾ ಸಮಾಧಿಯ ಒಳಗೋಡೆ ನೇಮತುಲ್ಲಾನ ಪರ್ಷಿಯನ್ ಪದ್ಯಗಳಿಂದ ತುಂಬಿದೆ. ಆದರೆ ಅಲ್ಲಿ ಪ್ರತಿವರ್ಷ ನಡೆಯುವ ಉರುಸು-ಜಾತ್ರೆಗೆ ಆಳಂದ ತಾಲೂಕಿನ ಮಾಡಿಯಾಳದ ಜಂಗಮರು ಬರುತ್ತಾರೆ, ಲಿಂಗಾಯತ ಭಕ್ತರು ಆ ಸಮಾಧಿಗೆ ಅಲ್ಲಮಪ್ರಭುವಿನ ಹೆಸರಿನಲ್ಲಿ ಕಾಯಿ ಒಡೆಯುತ್ತಾರೆ. ಕಿರ್ಮಾನಿನ ಸೂಫಿ ಪಂಥವೂ ಕಲ್ಯಾಣದ ಶರಣ ಪರಂಪರೆಯೂ ಒಂದೇ ಗುಮ್ಮಟದಡಿ ಸೇರಿದ ಈ ಬಗೆಯ ಪೂಜೆಯನ್ನು 'ಸಾಮರಸ್ಯ' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ವಾಡಿಕೆ. ಭಕ್ತರು ಮಾತ್ರ ಯಾವುದನ್ನೂ ಬೆರೆಸುತ್ತಿದ್ದೇವೆಂದುಕೊಂಡು ಅಲ್ಲಿಗೆ ಬರುವುದಿಲ್ಲ. ತಮ್ಮ ದೇವರ ಜಾತ್ರೆಗೆ ಬರುತ್ತಾರೆ.

ಈ ವಲಸೆಯ ರಾಜಕೀಯವೆಂದರೆ 'ಆಫಾಕಿ' ಮತ್ತು 'ದಖನಿ' ಬಣಗಳ ಜಗಳ. ಸಮುದ್ರ ದಾಟಿ ಹೊಸದಾಗಿ ಬಂದ ಇರಾನಿ, ತುರ್ಕಿ, ಅರಬ್ಬರಿಗೆ ಆಫಾಕಿಗಳು ಅಥವಾ ಗರೀಬರು, ಅಂದರೆ ಪರದೇಶಿಗಳು, ಎಂಬ ಹೆಸರಿದ್ದರೆ, ಉತ್ತರದಿಂದ ಹಿಂದೆಯೇ ಬಂದು ಇಲ್ಲಿಯವರೇ ಆಗಿದ್ದ ಮುಸಲ್ಮಾನರೂ ಅವರ ಜೊತೆಗೂಡಿದ ಆಫ್ರಿಕಾ ಮೂಲದ ಹಬ್ಶಿಗಳೂ ದಖನಿಗಳೆನಿಸಿಕೊಂಡರು. ಆಫಾಕಿಗಳಲ್ಲಿ ಹಲವರು ಶಿಯಾ ಪಂಥದವರು, ದಖನಿಗಳು ಬಹುಪಾಲು ಸುನ್ನಿಗಳು ಎಂಬುದು ಜಗಳಕ್ಕೆ ತುಪ್ಪ ಸುರಿಯಿತಾದರೂ ಬೇರು ಇದ್ದುದು ಹುದ್ದೆ ಮತ್ತು ಜಾಗೀರುಗಳಲ್ಲಿ. 1447ರ ಸುಮಾರಿಗೆ ಕೊಂಕಣದ ದಂಡಯಾತ್ರೆಯ ಸೋಲಿನಿಂದ ಬದುಕುಳಿದು ಪುಣೆ ಬಳಿಯ ಚಾಕಣದಲ್ಲಿ ಸೇರಿದ್ದ ಆಫಾಕಿಗಳನ್ನು ದಖನಿ ಸರದಾರರು ಸುಲ್ತಾನನಿಂದ ಅಪ್ಪಣೆ ಪಡೆದು ಕೊಲ್ಲಿಸಿದರು. ಬೀದರಿಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ದಶಕದ ಆರಂಭದ ಸ್ಥಿತಿಯನ್ನು ಕಂಡು ಈ ನಾಡನ್ನು ಆಳುವವರು ಖುರಾಸಾನಿಗಳು, ಅಂದರೆ ಇರಾನಿನ ಕಡೆಯವರು, ಎಂದು ಬರೆದಿಟ್ಟನು. ಹಳ್ಳಿಗರು ಬಡತನದಲ್ಲಿದ್ದು ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಸಾಗುವುದನ್ನೂ ಅವನು ಗಮನಿಸಿದ್ದಾನೆ. ಆಳಂದದ ಶೇಖ್ ಅಲಾಉದ್ದೀನನ ಹೆಸರಿನ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆಂಬ ಅವನ ಮಾತಿನಲ್ಲಿ ಸಂಖ್ಯೆಯನ್ನು ಎಷ್ಟು ನಂಬಬೇಕೆಂಬುದು ಬೇರೆ ವಿಷಯ, ಕೊಲ್ಲಿಯಿಂದ ಬಂದ ಕುದುರೆ ಈ ಸೀಮೆಯ ಸಂತೆಯವರೆಗೂ ತಲುಪುತ್ತಿತ್ತೆಂಬುದು ಖಚಿತ.

ಈ ಬಣಗಳ ನಡುವೆ ತಕ್ಕಡಿ ಹಿಡಿಯಲು ಹೋಗಿ ಪ್ರಾಣ ತೆತ್ತವನು ಮಹಮೂದ್ ಗವಾನ್. ಕ್ಯಾಸ್ಪಿಯನ್ ದಂಡೆಯ ಗೀಲಾನಿನಲ್ಲಿ 1411ರಲ್ಲಿ ಹುಟ್ಟಿದ ಈತ 1453ರಲ್ಲಿ ಕುದುರೆ ವ್ಯಾಪಾರಿಯಾಗಿ ದಾಭೋಳದಲ್ಲಿ ಇಳಿದು ಬೀದರಿಗೆ ಬಂದು ಕೊನೆಗೆ ಮೂರನೆಯ ಮುಹಮ್ಮದ್ ಷಾನ ಪ್ರಧಾನಿಯಾದನು. ನಾಲ್ಕು ತರಫುಗಳಿದ್ದ (ಪ್ರಾಂತಗಳಿದ್ದ) ರಾಜ್ಯವನ್ನು ಎಂಟಾಗಿ ವಿಂಗಡಿಸಿ, ಕಲಬುರಗಿ ತರಫಿನಿಂದ ವಿಜಯಪುರವನ್ನು ಬೇರೆ ಮಾಡಿ, ಹುದ್ದೆಗಳನ್ನು ಎರಡೂ ಬಣಗಳಿಗೆ ಹಂಚಿದನು. ಸರದಾರರ ಕೈಲಿದ್ದ ಕೋಟೆಗಳ ಪೈಕಿ ತರಫಿಗೊಂದನ್ನು ಮಾತ್ರ ಬಿಟ್ಟು ಉಳಿದವನ್ನು ಕೇಂದ್ರಕ್ಕೆ ಸೇರಿಸಿದನು. ಬೀದರಿನಲ್ಲಿ 1472ರಲ್ಲಿ ಪೂರ್ಣಗೊಂಡ ಅವನ ಮದರಸಾ ಮೂರು ಅಂತಸ್ತಿನದು, ಅದರ ಮುಖದ ಮೇಲಿನ ಬಣ್ಣದ ಹೆಂಚುಗಳ ಅಲಂಕಾರ ಮಧ್ಯ ಏಷ್ಯ ಮತ್ತು ಇರಾನಿನ ಮದರಸಾಗಳ ಮಾದರಿಯದು. ಅವನ ಪತ್ರಗಳ ಸಂಕಲನ 'ರಿಯಾಜುಲ್ ಇನ್‌ಶಾ'ದಲ್ಲಿ ಇರಾನಿನ ವಿದ್ವಾಂಸರಿಗೆ ಬರೆದ ಕಾಗದಗಳಿವೆ. ಹೆರಾತಿನ ಕವಿ ಜಾಮಿಯೊಂದಿಗೂ ಅವನ ಪತ್ರವ್ಯವಹಾರವಿತ್ತು. ವಿರೋಧಿಗಳು ಅವನ ಮುದ್ರೆಯೊತ್ತಿದ ಖಾಲಿ ಹಾಳೆಯ ಮೇಲೆ ಒಡಿಶಾದ ಅರಸನಿಗೆ ಪತ್ರವೊಂದನ್ನು ಹುಟ್ಟಿಸಿ ಸುಲ್ತಾನನಿಗೆ ತೋರಿಸಿದರು. 1481ರ ಏಪ್ರಿಲ್ 5ರಂದು ಅವನ ತಲೆ ಹೋಯಿತು. ವಿದ್ಯಾಕೇಂದ್ರವೆಂಬ ಕಲ್ಪನೆಯನ್ನೇ ಗವಾನನು ಈ ನಾಡಿಗೆ ತಂದನೆಂದು ಹೊಗಳುವ ಬರಹಗಳು ಚಿತ್ತಾಪುರದ ಬಳಿಯ ನಾಗಾವಿಯನ್ನು ಮರೆಯುತ್ತವೆ. 1058ರ ಶಾಸನದ ಪ್ರಕಾರ ಅಲ್ಲಿನ ಘಟಿಕಾಸ್ಥಾನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು, ಇದ್ದರು.

ಬಹಮನಿ ರಾಜ್ಯ ಒಡೆದ ಮೇಲೆ ವಲಸೆ ನಿಲ್ಲಲಿಲ್ಲ, ಹಂಚಿಕೊಂಡಿತು. ಇರಾನಿನಲ್ಲಿ ಸಫವಿ ದೊರೆ ಷಾ ಇಸ್ಮಾಯಿಲ್ 1501ರಲ್ಲಿ ಶಿಯಾ ಪಂಥವನ್ನು ರಾಜಧರ್ಮ ಮಾಡಿದ ಬೆನ್ನಿಗೇ ವಿಜಯಪುರದ ಯೂಸುಫ್ ಆದಿಲ್ ಖಾನ್ 1502ರಲ್ಲಿ ಅದೇ ಘೋಷಣೆ ಮಾಡಿದನು. ಅವನ ಮೊಮ್ಮಗ ಮೊದಲನೆಯ ಇಬ್ರಾಹಿಂ (1534–58) ಸುನ್ನಿ ಪಂಥಕ್ಕೆ ಹೊರಳಿ, ಆಫಾಕಿಗಳಲ್ಲಿ ಬಹುಮಂದಿಯನ್ನು ಕೆಲಸದಿಂದ ತೆಗೆದು, ಲೆಕ್ಕಪತ್ರಗಳನ್ನು ಪರ್ಷಿಯನ್ನಿನಿಂದ ದೇಶಭಾಷೆಗೆ ಬದಲಿಸಿ ಬ್ರಾಹ್ಮಣ ಕರಣಿಕರ ಕೈಗೆ ಒಪ್ಪಿಸಿದನು. ಮುಂದಿನ ಅಲಿ ಆದಿಲ್ ಷಾ ಮತ್ತೆ ಶಿಯಾ ಪಂಥಕ್ಕೆ ಮರಳಿದನು. ಗೋಲ್ಕೊಂಡವನ್ನು ಕಟ್ಟಿದ ಸುಲ್ತಾನ್ ಕುಲಿ ಹಮದಾನಿನ ಸೀಮೆಯವನು. ಪಡುವಣದಲ್ಲಿ ಆದಿಲ್‌ಶಾಹಿ, ಮೂಡಣದಲ್ಲಿ ಕುತುಬ್‌ಶಾಹಿ, ಬಡಗಲಲ್ಲಿ ಬೀದರಿನ ಬರೀದ್‌ಶಾಹಿಗಳ ನಡುವೆ ಸಿಕ್ಕ ಸೇಡಂ-ಚಿಂಚೋಳಿ ಸೀಮೆಗೆ ಈ ಆಸ್ಥಾನಗಳ ಆಚರಣೆಗಳು ಹರಿದುಬಂದದ್ದು ಸಹಜ.

ಅವುಗಳಲ್ಲಿ ಇಂದಿಗೂ ಹಳ್ಳಿಹಳ್ಳಿಯಲ್ಲಿ ಜೀವಂತವಾಗಿರುವುದು ಮೊಹರಂ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹತನಾದ ಇಮಾಮ್ ಹುಸೇನನ ಶೋಕಾಚರಣೆಯಾದ ಇದು ಇರಾನಿನಲ್ಲಿ ಸಫವಿಗಳ ಕಾಲದಲ್ಲಿಯೂ ದಖನ್ನಿನಲ್ಲಿ ಶಿಯಾ ಆಸ್ಥಾನಗಳ ಆಶ್ರಯದಲ್ಲಿಯೂ ಬೆಳೆಯಿತು. ಕಲಬುರಗಿ ಸೀಮೆಯಲ್ಲಿ ಅದು ಶಿಯಾಗಳ ಹಬ್ಬವಾಗಿ ಉಳಿಯದೆ ಊರ ಹಬ್ಬವಾಯಿತು. ಅನೇಕ ಹಳ್ಳಿಗಳಲ್ಲಿ ಶಿಯಾ ಮನೆ ಒಂದೂ ಇರುವುದಿಲ್ಲ, ಕೆಲವೆಡೆ ಮುಸಲ್ಮಾನರ ಮನೆಯೂ ಇರುವುದಿಲ್ಲ, ಅಲಾಯಿ ದೇವರು ಮಾತ್ರ ತಪ್ಪದೆ ಕೂಡುತ್ತವೆ. ಚಂದ್ರದರ್ಶನವಾದ ಬಳಿಕ ಈ ದೇವರು ಕೂಡುವ ಆಶುರಖಾನೆಯ ಮುಂದೆ ಗುದ್ದಲಿ ಹಾಕಿ ಅಲಾಯಿ ಕುಣಿ ತೋಡುತ್ತಾರೆ. ಪೆಟ್ಟಿಗೆಯಲ್ಲಿಟ್ಟಿದ್ದ ಹಿತ್ತಾಳೆ ಅಥವಾ ಬೆಳ್ಳಿಯ ಪಂಜಾಗಳನ್ನು ತೊಳೆದು, ಗಳಕ್ಕೆ ಕಟ್ಟಿ, ಬಣ್ಣದ ಬಟ್ಟೆ ಸುತ್ತಿ, ಹೂವಿನ ಸರ ಹಾಕಿ ಕೂಡಿಸುತ್ತಾರೆ. ಐದು ಬೆರಳಿನ ಪಂಜಾ ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನ್ ಎಂಬ ಐವರ ಸಂಕೇತವೆಂಬುದು ಶಿಯಾ ವಿವರಣೆ. ಹರಕೆ ಹೊತ್ತ ರೈತನಿಗೆ ಅದು ಹಸೇನಿ-ಹುಸೇನಿ ದೇವರು, ಕಾಸಿಂ ದೇವರು, ಮೌಲಾಲಿ. ಲೋಬಾನದ ಹೊಗೆಯ ನಡುವೆ ಸಕ್ಕರೆ, ಮಲಿದಾ, ಚೊಂಗೆಗಳನ್ನು ಮುಲ್ಲಾನಿಂದ ಓದಿಸಿ ಹಂಚುತ್ತಾರೆ. ಮಗು ಬದುಕಿದರೆ ಫಕೀರನನ್ನಾಗಿ ಮಾಡುತ್ತೇವೆಂದು ಹರಕೆ ಹೊತ್ತವರು ಆ ಮಗುವಿನ ಕೊರಳಿಗೆ ಕೆಂಪು ದಾರದ ಲಾಡಿ ಹಾಕಿಸುತ್ತಾರೆ. ಖತಲ್ ರಾತ್ರಿ ಎನ್ನುವ ಒಂಬತ್ತನೆಯ ರಾತ್ರಿ ಕುಣಿಯಲ್ಲಿ ಕಟ್ಟಿಗೆಯ ಬೆಂಕಿ ಹೊತ್ತುತ್ತದೆ, ಹಲಗೆಯ ಬಡಿತಕ್ಕೆ ಅದರ ಸುತ್ತ ಹೆಜ್ಜೆ ಕುಣಿತ ನಡೆಯುತ್ತದೆ, ದೇವರು ಹಿಡಿದವರು ಕೆಂಡ ಹಾಯುತ್ತಾರೆ. ಮರುದಿನ ದೇವರುಗಳು ಪರಸ್ಪರ ಭೇಟಿಯಾಗಿ, ಹೊಳೆಗೋ ಬಾವಿಗೋ ಹೋಗಿ ದಫನಾಗುತ್ತವೆ.

ಈ ಹಬ್ಬದ ಸಾಹಿತ್ಯ ಕನ್ನಡದ್ದು ಎಂಬುದು ಮುಖ್ಯ ಸಂಗತಿ. ಕರ್ಬಲಾದ ಕಥೆಯನ್ನು ಹೇಳುವ ರಿವಾಯತ್ ಪದಗಳನ್ನು ಎರಡು ತಂಡಗಳು ಸವಾಲು-ಜವಾಬಿನ ಕ್ರಮದಲ್ಲಿ ರಾತ್ರಿಯಿಡೀ ಹಾಡುತ್ತವೆ. ಹಾಡುವವರಲ್ಲಿ ಕುರುಬರು, ಕಬ್ಬಲಿಗರು, ಲಿಂಗಾಯತರು, ದಲಿತರು ಎಲ್ಲರೂ ಇರುತ್ತಾರೆ, ಹಾಡುಗಳಲ್ಲಿ ಯೂಫ್ರೆಟಿಸ್ ದಂಡೆಯ ನೀರಡಿಕೆ ಉತ್ತರ ಕರ್ನಾಟಕದ ಬರಗಾಲದ ಮಾತಿನಲ್ಲಿ ಬರುತ್ತದೆ. ಇರಾನಿನ ತಾಜಿಯೆ ಎಂಬ ಶೋಕನಾಟಕಕ್ಕೂ ಇದಕ್ಕೂ ವಸ್ತು ಒಂದೇ. ಆದರೆ ಅಲ್ಲಿ ಅಳು ಪ್ರಧಾನವಾದರೆ ಇಲ್ಲಿ ಅಳುವಿನ ಮಗ್ಗುಲಲ್ಲೇ ಹುಲಿವೇಷ, ಮೈಗೆ ಮಸಿ ಬಳಿದುಕೊಂಡು ಕಾಸು ಬೇಡುವ ಅಳ್ಳೊಳ್ಳಿ ಬವ್ವನ ನಗೆಯೂ ಇರುತ್ತದೆ. ಇದನ್ನು ಶುದ್ಧ ಧರ್ಮದ ಕಣ್ಣಿನಿಂದ ನೋಡುವ ಎರಡೂ ಕಡೆಯವರು ಆಕ್ಷೇಪಿಸುತ್ತಲೇ ಬಂದಿದ್ದಾರೆ, ಹಬ್ಬ ನಡೆಯುತ್ತಲೇ ಬಂದಿದೆ.

ಇರಾನಿನ ಹೆಸರಿನಲ್ಲಿ ಕಾಣುವ ಎಲ್ಲವೂ ಇರಾನಿ ವಲಸಿಗರಿಂದ ಬಂದದ್ದಲ್ಲ ಎಂಬ ಎಚ್ಚರವೂ ಅಗತ್ಯ. ಮುಂದೆ ಈ ಸೀಮೆಯನ್ನೂ ಒಳಗೊಂಡ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಉರ್ದು ಬರುವವರೆಗೆ ಪರ್ಷಿಯನ್ನೇ ಆಡಳಿತ ಭಾಷೆಯಾಗಿತ್ತು. ಸೇಡಂ, ಚಿತ್ತಾಪುರಗಳ ಪಹಣಿಯಲ್ಲಿ ಖುಷ್ಕಿ (ಒಣಭೂಮಿ), ತರಿ (ನೀರಾವರಿ), ಬಾಗಾಯಿತು (ತೋಟ) ಎಂಬ ಪದಗಳು ಉಳಿದದ್ದು ಆ ದಫ್ತರುಗಳಿಂದ, ಅವನ್ನು ಬರೆದವರಲ್ಲಿ ಕಾಯಸ್ಥರೂ ಬ್ರಾಹ್ಮಣರೂ ಇದ್ದರು. ವಾಡಿ ಹತ್ತಿರದ ಹಲಕಟ್ಟಾ ದರ್ಗಾಕ್ಕೆ ಉರುಸಿನಲ್ಲಿ ಹೈದರಾಬಾದಿನಿಂದ ಜನ ರೈಲು ತುಂಬಿ ಬರುತ್ತಾರೆ; ಅದರ ಖಾದ್ರಿ ಪರಂಪರೆಯ ಮೂಲಪುರುಷ ಗೀಲಾನಿನವನೇ ಆದರೂ ಅವನ ಮಾರ್ಗ ಬಾಗ್ದಾದಿನಿಂದ ಹಲವು ನಾಡು ಸುತ್ತಿ ಇಲ್ಲಿಗೆ ಮುಟ್ಟಿದ್ದು.

ಎರಡನೆಯ ಅಲೆ ರೈಲಿನ ಕಾಲದ್ದು. ಮುಂಬಯಿ–ರಾಯಚೂರು ಮಾರ್ಗದಿಂದ ನಿಜಾಮರ ರೈಲುದಾರಿ 1874ರಲ್ಲಿ ಕವಲೊಡೆದ ಜಾಗವೇ ವಾಡಿ ಜಂಕ್ಷನ್. ಅಲ್ಲಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ಗಾಡಿ ಸಿಕಂದರಾಬಾದಿಗೆ ಹೋಗುತ್ತದೆ. ಚಿಂಚೋಳಿ ಮಾತ್ರ ಈ ದಾರಿಯಿಂದ ಹೊರಗುಳಿಯಿತು. ಮುಂಬಯಿ ಮತ್ತು ಹೈದರಾಬಾದುಗಳನ್ನು ಜೋಡಿಸಿದ ಈ ಹಾದಿ ಇರಾನಿ ಮೂಲದ ಎರಡು ಸಮುದಾಯಗಳ ವ್ಯವಹಾರಕ್ಕೂ ಹಾದಿಯಾಯಿತು. ಮೊದಲನೆಯವರು ಪಾರ್ಸಿಗಳು: ಇಸ್ಲಾಮಿನ ವಿಜಯದ ನಂತರ ಇರಾನ್ ಬಿಟ್ಟು ಗುಜರಾತಿಗೆ ಬಂದ ಜರತುಷ್ಟ್ರ ಮತದವರು. ಶಹಾಬಾದಿನ ಸುಣ್ಣಗಲ್ಲನ್ನು ಸಿಮೆಂಟಾಗಿಸಿದ ಶಹಾಬಾದ್ ಸಿಮೆಂಟ್ ಕಂಪನಿ, ಪಾರ್ಸಿ ಹಣಕಾಸುದಾರ ಎಫ್.ಇ. ದಿನಶಾ ಕಂಡ ಕನಸಿನಂತೆ 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎ.ಸಿ.ಸಿ. ರೂಪುಗೊಂಡಾಗ ಅದರೊಳಗೆ ಸೇರಿತು; ಎ.ಸಿ.ಸಿ.ಯ ವಾಡಿ ಕಾರ್ಖಾನೆ 1968ರದು. ಹೆಂಚಿನ ಬದಲು ಶಹಾಬಾದ್ ಕಲ್ಲಿನ ಹಾಸು ಹೊದೆದ ಮನೆಗಳ ಈ ನಾಡಿನಲ್ಲಿ ಕೂಲಿ, ಪಾಳಿ, ಭೋಂಗಾ, ಕ್ವಾರ್ಟರ್ಸ್ ಎಂಬ ಹೊಸ ಜೀವನಕ್ರಮ ಬಂದದ್ದು ಈ ಕಾರ್ಖಾನೆಗಳಿಂದ.

ಎರಡನೆಯವರನ್ನು ಮುಂಬಯಿ, ಹೈದರಾಬಾದುಗಳಲ್ಲಿ 'ಇರಾನಿಗಳು' ಎಂದೇ ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಯಜ್ದ್ ಹಾಗೂ ಕಿರ್ಮಾನಿನಿಂದ ಬಡತನ, ಬರ ಮತ್ತು ಮತೀಯ ಕಿರುಕುಳಗಳಿಂದ ಬಿಡಿಸಿಕೊಂಡು ಬಂದ ಇವರಲ್ಲಿ ಮುಂಬಯಿಯವರು ಹೆಚ್ಚಾಗಿ ಜರತುಷ್ಟ್ರರು, ಹೈದರಾಬಾದಿನವರು ಬಹುಪಾಲು ಶಿಯಾ ಮುಸಲ್ಮಾನರು. ರಸ್ತೆಯ ಮೂಲೆಯ ಹೋಟೆಲು ಇವರ ಕಸುಬು. ಇಂದು ಕಲಬುರಗಿಯಿಂದ ಸೇಡಂವರೆಗೆ ಫಲಕಗಳಲ್ಲಿ ಕಾಣುವ 'ಇರಾನಿ ಚಹಾ' ಹೈದರಾಬಾದಿನ ಆ ಹೋಟೆಲುಗಳಿಂದ ಕಲಿತದ್ದು, ಮಾಡುವವರು ಇರಾನಿಗಳೇನಲ್ಲ. ಮುಚ್ಚಿದ ತಾಮ್ರದ ಹಂಡೆಯಲ್ಲಿ ಚಹಾಪುಡಿಯ ಡಿಕಾಕ್ಷನ್ ಸಣ್ಣ ಉರಿಯ ಮೇಲೆ ಕುದಿಯುತ್ತಿರುತ್ತದೆ, ಪಕ್ಕದ ಒಲೆಯಲ್ಲಿ ಸಕ್ಕರೆ ಬೆರೆತ ಹಾಲು ಇಂಗಿ ಕೆನೆಗಟ್ಟುತ್ತಿರುತ್ತದೆ, ಎರಡೂ ಕೂಡುವುದು ಕಪ್ಪಿನಲ್ಲಿ ಮಾತ್ರ. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಇರಾನಿನಲ್ಲಿ ಚಹಾಕ್ಕೆ ಹಾಲು ಹಾಕುವುದಿಲ್ಲವೆಂಬುದನ್ನು ಇಲ್ಲಿ ಹೇಳಿದರೆ ಗಿರಾಕಿ ನಂಬುವುದು ಕಷ್ಟ.

ಇವರಿಂದ ಬೇರೆಯಾದವರು ಬೀದರಿನ ಇರಾನಿ ಗಲ್ಲಿಯ ಸಮುದಾಯ. ಕುದುರೆ, ಚೂರಿ, ನಂತರ ಚಶ್ಮಾ ಮತ್ತು ಹರಳು ಮಾರುತ್ತ ಊರೂರು ತಿರುಗಿದ ಈ ಶಿಯಾ ಕುಟುಂಬಗಳು ಮನೆಯಲ್ಲಿ ಪರ್ಷಿಯನ್ನಿನ ಒಂದು ಆಡುಬಗೆಯನ್ನು ಉಳಿಸಿಕೊಂಡಿವೆ. ಪತ್ರಿಕೆಗಳಲ್ಲಿ ಈ ಹೆಸರು ಬರುವುದು ಹೆಚ್ಚಾಗಿ ಕಳವಿನ ವರದಿಗಳಲ್ಲಿ. ಕೆಲವರ ಅಪರಾಧವನ್ನು ಇಡೀ ಗಲ್ಲಿಯ ಕಸುಬೆಂದು ಬರೆಯುವ ಈ ರೂಢಿ, ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದ ಬ್ರಿಟಿಷರ ಕಾಲದ ಕಾಯಿದೆಯ ಮುಂದುವರಿಕೆ, ಹಾಗೂ ಅದು ಅನ್ಯಾಯ.

ಇರಾನಿ ಮೂಲದ ಕನ್ನಡಿಗರಲ್ಲಿ ಹೆಚ್ಚು ಪ್ರಸಿದ್ಧರು ಸರ್ ಮಿರ್ಜಾ ಇಸ್ಮಾಯಿಲ್ (1883–1959). ಅವರ ಅಜ್ಜ ಆಗಾ ಅಲಿ ಅಸ್ಗರ್ 1824ರಲ್ಲಿ ಶಿರಾಜಿನಿಂದ ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದು ದಂಡಿನ ಪ್ರದೇಶದಲ್ಲಿ ಮನೆಗಳನ್ನು ಕಟ್ಟಿಸಿದವರು. ಅವರ ಹೆಸರಿನ ರಸ್ತೆ ಇಂದಿಗೂ ಅಲ್ಲಿದೆ. ಮಿರ್ಜಾ ಅವರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರೆಂಬುದು ಎಲ್ಲರಿಗೂ ಗೊತ್ತು. ಅವರು 1946–47ರಲ್ಲಿ ನಿಜಾಮರ ಪ್ರಧಾನಮಂತ್ರಿಯಾಗಿದ್ದರು, ಆ ಕೆಲವು ತಿಂಗಳು ಸೇಡಂ, ಚಿತ್ತಾಪುರ, ಚಿಂಚೋಳಿಗಳೂ ಅವರ ಆಡಳಿತದಡಿ ಇದ್ದವು ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಭಾರತದೊಂದಿಗೆ ಹೊಂದಿಕೊಂಡು ಹೋಗಬೇಕೆಂಬ ಅವರ ನಿಲುವು ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷಕ್ಕೆ ಹಿಡಿಸದೆ ಅವರು ರಾಜೀನಾಮೆಯಿತ್ತರು. ಮುಂದಿನ ವರ್ಷ, 1948ರ ಸೆಪ್ಟೆಂಬರಿನಲ್ಲಿ, ಪೊಲೀಸ್ ಕಾರ್ಯಾಚರಣೆ ನಡೆಯಿತು.

1979ರ ಕ್ರಾಂತಿಯ ನಂತರದ ವಲಸೆಯಲ್ಲಿ ಕರ್ನಾಟಕದ ಪಾಲು ವಿದ್ಯಾರ್ಥಿಗಳದ್ದು. 2000ದ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಕಾಲೇಜುಗಳಿಗೆ ಇರಾನಿನ ಯುವಕ-ಯುವತಿಯರು ದೊಡ್ಡ ಸಂಖ್ಯೆಯಲ್ಲಿ ಬಂದರು. ಅಗ್ಗದ ಶುಲ್ಕ, ಇಂಗ್ಲಿಷ್ ಬೋಧನೆ, ಸುಲಭದ ವೀಸಾ ಇದಕ್ಕೆ ಕಾರಣ. ಮಾರ್ಚ್ 20ರ ಆಸುಪಾಸಿನ ನೌರೋಜಿಗೆ ಬಾಡಿಗೆ ಮನೆಯಲ್ಲೇ ಏಳು ವಸ್ತುಗಳ ಹಫ್ತ್-ಸೀನ್ ಮೇಜು ಸಜ್ಜಾಗುತ್ತಿತ್ತು. ಪರದೇಶದ ಇರಾನಿಗಳ ರಾಜಕೀಯದಲ್ಲಿ ರಾಜಸತ್ತೆಯ ಬೆಂಬಲಿಗರು, ಎಡಪಂಥೀಯರು, ಸುಧಾರಣಾವಾದಿಗಳು ಒಬ್ಬರನ್ನೊಬ್ಬರು ನಂಬದಿರುವುದು ಹಳೆಯ ಸಂಗತಿ. 2009ರ ಹಸಿರು ಚಳವಳಿ ಮತ್ತು 2022ರಲ್ಲಿ ಮಹ್ಸಾ ಅಮೀನಿಯ ಸಾವಿನ ನಂತರದ ಪ್ರತಿಭಟನೆಗಳು ಅವರನ್ನು ಕೆಲಕಾಲ ಒಂದೆಡೆ ನಿಲ್ಲಿಸಿದವು. ಆದರೆ ಲಾಸ್ ಏಂಜಲೀಸಿನಲ್ಲಿ ನೆಲೆಯೂರಿದವನಂತೆ ಬೆಂಗಳೂರಿನ ವಿದ್ಯಾರ್ಥಿ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಅವನಿಗೆ ಪದವಿ ಮುಗಿದ ಮೇಲೆ ಊರಿಗೆ ಮರಳುವುದಿತ್ತು. ಆರ್ಥಿಕ ನಿರ್ಬಂಧಗಳಿಂದ ರಿಯಾಲ್ ಕುಸಿದ ಮೇಲೆ ಈ ಓಡಾಟ ಬಹಳ ಕಡಿಮೆಯಾಯಿತು.

ಇದೇ ಅವಧಿಯಲ್ಲಿ ದಾರಿ ಎದುರು ದಿಕ್ಕಿಗೂ ತೆರೆದಿದೆ. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲೂಕಿನ ಅಲೀಪುರ ಶಿಯಾ ಮುಸಲ್ಮಾನರೇ ಹೆಚ್ಚಾಗಿರುವ, ಹರಳು ಕತ್ತರಿಸುವ ಕಸುಬಿನ ಗ್ರಾಮ; ಅಲ್ಲಿನ ಯುವಕರು ಧರ್ಮಶಾಸ್ತ್ರಕ್ಕೆ ಕೋಮ್ ನಗರಕ್ಕೂ ವೈದ್ಯಕೀಯಕ್ಕೆ ತೆಹರಾನಿಗೂ ಹೋಗುತ್ತಾರೆ. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಯುದ್ಧ ಆರಂಭವಾದಾಗ ಇರಾನಿನಲ್ಲಿ ಸಿಕ್ಕಿಕೊಂಡ ಭಾರತೀಯರ ಪೈಕಿ ಅಲೀಪುರದ ವಿದ್ಯಾರ್ಥಿಗಳೂ ಇದ್ದರು, ಭಾರತ ಸರ್ಕಾರವು 'ಆಪರೇಷನ್ ಸಿಂಧು' ಹೆಸರಿನ ಕಾರ್ಯಾಚರಣೆಯಲ್ಲಿ ಇರಾನಿನಿಂದ ತನ್ನ ನಾಗರಿಕರನ್ನು ವಿಮಾನಗಳಲ್ಲಿ ಕರೆತಂದಿತು.